ಜೊತೆ ಚೆನ್ನಾಗಿದ್ದರೆ ಸಾಕಾ?

ಮಲ್ಟಿಪ್ಲೇಯರ್ ಗೇಮುಗಳ ಬಗ್ಗೆ ಎಲ್ಲೇ ಮಾತು ಶುರುವಾದರೂ ಒಂದು ಮಾತು ತಪ್ಪದೆ ಬರುತ್ತದೆ. "ಅಯ್ಯೋ, ಫ್ರೆಂಡ್ಸ್ ಜೊತೆ ಆಡಿದ್ರೆ ಯಾವ ಗೇಮ್ ಆದ್ರೂ ಚೆನ್ನಾಗೇ ಇರುತ್ತೆ ಬಿಡಿ." ಇದನ್ನು ಎರಡು ಥರದ ಜನ ಹೇಳುತ್ತಾರೆ. ನಾನು ಯಾವುದೋ ಗೇಮನ್ನು ಹೊಗಳಿದರೆ ಒಬ್ಬರು ಹೇಳುತ್ತಾರೆ: ಖುಷಿ ಕೊಟ್ಟಿದ್ದು ನಿಮ್ಮ ಗೆಳೆಯರು, ಗೇಮಿನದ್ದೇನಿದೆ ಅದರಲ್ಲಿ. ಅದೇ ಗೇಮನ್ನು ಬೈದರೆ ಇನ್ನೊಬ್ಬರು ಹೇಳುತ್ತಾರೆ: ನೀವು ಸರಿಯಾದ ಜನರ ಜೊತೆ ಆಡಿಲ್ಲ, ಅದಕ್ಕೇ. ಹೊಗಳಿದವರ ಬಾಯಿಯನ್ನೂ ಬೈದವರ ಬಾಯಿಯನ್ನೂ ಒಂದೇ ಮಾತು ಮುಚ್ಚಿಸುತ್ತೆ ಅಂದರೆ ಆ ಮಾತಿನಲ್ಲಿ ಎಲ್ಲೋ ಸಡಿಲ ಇದೆ ಅಲ್ವಾ? ಅದೇ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನನ್ನ ಅನುಭವ ಈ ಮಾತಿಗೆ ಸರಿಯಾಗಿ ಹೊಂದುವುದಿಲ್ಲ. ಆಟ ಆಡುತ್ತಾ ನಾನು ಅತಿ ಹೆಚ್ಚು ಕಿರಿಕಿರಿಪಟ್ಟ ಕೆಲವು ಸಂಜೆಗಳು ನನಗೆ ತುಂಬಾ ಬೇಕಾದವರ ಜೊತೆ ಕಳೆದವು. ಇವತ್ತಿಗೂ ನೆನೆಸಿಕೊಳ್ಳುವ ಒಂದು ಆಟವನ್ನು ಆಡಿದ್ದು ಹೆಸರು, ಊರು, ವಯಸ್ಸು ಏನೂ ಗೊತ್ತಿಲ್ಲದ ಒಬ್ಬರ ಜೊತೆ. ಇನ್ನು ಅದೇ ನಾಲ್ಕು ಜನ ಒಂದು ಗೇಮಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಇನ್ನೊಂದು ಗೇಮಿನಲ್ಲಿ ಮುಖ ಗಂಟು ಹಾಕಿಕೊಂಡು ಎದ್ದು ಹೋಗಿದ್ದೂ ಇದೆ. ಜನ ಅದೇ. ಹಾಗಾದರೆ ಬದಲಾಗಿದ್ದು ಏನು?

ಜೊತೆ ಇದ್ದರೆ ಎಲ್ಲವೂ ಚೆಂದ ಅನ್ನುವುದಕ್ಕೆ ವಿರುದ್ಧವಾಗಿ ಒಂದು ಪುಟ್ಟ ಪ್ರಯೋಗ ಇದೆ. 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ಪ್ರಕಟಿಸಿದ್ದು. ಇಬ್ಬರನ್ನು ಕೂರಿಸಿ ಚಾಕೊಲೇಟ್ ಕೊಟ್ಟರು. ಒಮ್ಮೆ ಇಬ್ಬರೂ ಒಂದೇ ಹೊತ್ತಿಗೆ ತಿಂದರು. ಇನ್ನೊಮ್ಮೆ ಒಬ್ಬರು ತಿನ್ನುವಾಗ ಪಕ್ಕದವರು ಚಿತ್ರಗಳ ಪುಸ್ತಕ ನೋಡುತ್ತಾ ಕೂತಿದ್ದರು. ಮಾತಾಡುವ ಹಾಗಿರಲಿಲ್ಲ. ಜೊತೆಯಲ್ಲಿ ತಿಂದಾಗ ಚಾಕೊಲೇಟ್ ಜಾಸ್ತಿ ರುಚಿಯಾಗಿದೆ ಅನ್ನಿಸಿತು. ಇಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳಿದ ಹಾಗಾಗುತ್ತಿತ್ತು. ಆದರೆ ಅವರು ವಿಪರೀತ ಕಹಿಯಾದ ಚಾಕೊಲೇಟಿನಲ್ಲೂ ಅದನ್ನೇ ಮಾಡಿ ನೋಡಿದರು. ಜೊತೆಯಲ್ಲಿ ತಿಂದಾಗ ಅದು ಇನ್ನಷ್ಟು ಕೆಟ್ಟದಾಗಿದೆ ಅನ್ನಿಸಿತು! ಅಂದರೆ ಜೊತೆ ಇರುವುದನ್ನು ದೊಡ್ಡದು ಮಾಡುತ್ತದೆ, ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುವುದಿಲ್ಲ. ಹಾಗಿದ್ದರೆ ಕೆಟ್ಟ ಗೇಮನ್ನು ಗೆಳೆಯರ ಜೊತೆ ಆಡಿ ನಕ್ಕಿದ್ದೇವಲ್ಲ ಅಂತ ಕೇಳಬಹುದು. ನಕ್ಕಿದ್ದೇವೆ, ನಿಜ. ಆದರೆ ಅವತ್ತು ನಾವು ಆಡಿದ್ದು ಆ ಗೇಮನ್ನಲ್ಲ, ಗೇಮನ್ನು ಗೇಲಿ ಮಾಡುವ ಆಟವನ್ನು. ಅದು ಬೇಗ ಮುಗಿಯುತ್ತೆ. ಎರಡನೇ ದಿನ ಯಾರೂ ಅದನ್ನು ತೆರೆಯುವುದಿಲ್ಲ.

ಎದುರಾಳಿ ಬೇರೆ, ಸಂಗಡಿಗ ಬೇರೆ

"ಮಲ್ಟಿಪ್ಲೇಯರ್" ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಅರ್ಧ ಗೊಂದಲ ಆಗುತ್ತದೆ ಅಂತ ನನಗನ್ನಿಸುತ್ತದೆ. 1972ರಲ್ಲಿ ಅಟಾರಿ ತಂದ ಪಾಂಗ್ ನೋಡಿ. ಒಬ್ಬರೇ ಆಡುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಎರಡು ತಿರುಗಿಸುವ ಗುಂಡಿ, ಎರಡು ಜನ. ಆದರೂ ಆ ಕಡೆ ಗುಂಡಿ ಹಿಡಿದವರು ಎಂಥ ಮನುಷ್ಯ ಅನ್ನುವುದು ಅಷ್ಟೇನೂ ಮುಖ್ಯವಲ್ಲ. ಚೆಂಡು ವಾಪಸ್ ಬಂದರೆ ಸಾಕು. ಆನ್‌ಲೈನ್ ಚೆಸ್ ಕೂಡ ಹಾಗೇ. ಎದುರಿಗಿರುವವರು ಒಂದು ಹೆಸರು, ಪಕ್ಕದಲ್ಲಿ ಒಂದು ರೇಟಿಂಗ್. ಚಾಟ್ ಮುಚ್ಚಿಬಿಟ್ಟರೆ ಅವರು ಸಜ್ಜನರೋ ಜಗಳಗಂಟರೋ ನನಗೆ ತಿಳಿಯುವುದೇ ಇಲ್ಲ. ನಾನು ಸೋಲಲಿ ಅಂತಲೇ ಅವರು ಬಯಸಬೇಕು. ಬಯಸದಿದ್ದರೆ ಆಟ ಕೆಡುತ್ತದೆ. ಎದುರಾಳಿಯಿಂದ ನಾನು ಕೇಳುವುದು ಮೋಸ ಮಾಡದೆ ಜೋರಾಗಿ ಆಡಿ ಅಂತ, ಅಷ್ಟೇ.

ಸಂಗಡಿಗರ ಕಥೆ ಬೇರೆ. ಐದೈದು ಜನರ ಎರಡು ಟೀಮು ಆಡುವ ಗೇಮಿನಲ್ಲಿ ನನ್ನ ಅರ್ಧ ಗಂಟೆ ಇನ್ನೂ ನಾಲ್ಕು ಜನರ ಕೈಯಲ್ಲಿದೆ. ಒಬ್ಬ ಸಿಟ್ಟು ಮಾಡಿಕೊಂಡು ಮೂಲೆಯಲ್ಲಿ ನಿಂತರೆ ಮುಗಿಯಿತು. ಎದ್ದು ಹೋಗೋಣ ಅಂದರೆ ಮಧ್ಯದಲ್ಲಿ ಬಿಟ್ಟು ಹೋದವರಿಗೆ ಶಿಕ್ಷೆ ಇರುತ್ತದೆ. ಅದು ಇರಬೇಕಾದ್ದೇ, ಇಲ್ಲದಿದ್ದರೆ ಯಾರೂ ಸೋಲುವ ಮ್ಯಾಚಿನಲ್ಲಿ ಉಳಿಯುವುದಿಲ್ಲ. ಆದರೆ ಅದರ ಪರಿಣಾಮ ಏನು? ಜೊತೆ ಕೆಟ್ಟಿದೆ ಅಂತ ಗೊತ್ತಾದ ಮೇಲೂ ಕೂತೇ ಇರಬೇಕು. ಇಂಥ ಗೇಮೊಂದನ್ನು ನಾನು ಬಹಳ ಕಾಲ ಆಡಿದೆ. ಹೆಸರು ಬೇಡ. ಒಂದು ಮ್ಯಾಚ್ ಚೆನ್ನಾಗಿ ನೆನಪಿದೆ. ಶುರುವಾಗಿ ಎರಡು ಮೂರು ನಿಮಿಷಕ್ಕೆ ನಮ್ಮ ಟೀಮಿನ ಒಬ್ಬ ಸತ್ತ. ಸತ್ತ ತಕ್ಷಣ ಚಾಟಿನಲ್ಲಿ ಬರೆದ: ಈ ಟೀಮಿನಲ್ಲಿ ಮೂರು ಜನ ದಂಡ. ಯಾವ ಮೂವರು ಅಂತ ಹೇಳಲಿಲ್ಲ. ಆಮೇಲೆ ನಾವು ನಾಲ್ವರೂ ಆ ಮೂವರಲ್ಲಿ ನಾವಿಲ್ಲ ಅಂತ ತೋರಿಸುವುದಕ್ಕೇ ಆಡಿದೆವು. ಯಾರೂ ಯಾರಿಗೂ ಸಹಾಯಕ್ಕೆ ಹೋಗಲಿಲ್ಲ, ಹೋಗಿ ಸತ್ತರೆ ಹೆಸರು ಕೆಡುತ್ತಲ್ಲ. ತಮಾಷೆ ಅಂದರೆ ಆ ಮ್ಯಾಚ್ ನಾವು ಗೆದ್ದೆವು. ಗೆದ್ದ ಬ್ಯಾನರ್ ಸ್ಕ್ರೀನ್ ತುಂಬಾ ಬಂತು. ಐದು ಜನ ಒಂದು ಮಾತಾಡದೆ ಹೊರಗೆ ಹೋದೆವು. ಗೆಲುವು ಅಷ್ಟು ಸಪ್ಪೆ ಇರಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರದ ಒಂದು ಭಾಗ ಇದು. ಜೊತೆ ಎಷ್ಟು ಮುಖ್ಯ ಅನ್ನುವುದು, ಗೇಮ್ ನನ್ನ ಎಷ್ಟು ಹೊತ್ತನ್ನು ಬೇರೆಯವರ ಕೈಗೆ ಕೊಡುತ್ತದೆ ಅನ್ನುವುದರ ಮೇಲೆ ನಿಂತಿದೆ. 2015ರ ರಾಕೆಟ್ ಲೀಗ್‌ನಲ್ಲಿ ಗಡಿಯಾರ ಐದು ನಿಮಿಷದ್ದು. ಕಾರಿನಲ್ಲಿ ಕೂತು ಫುಟ್‌ಬಾಲ್ ಆಡುವ ಗೇಮ್ ಅದು. ಜೊತೆಗಾರ ಎಷ್ಟೇ ಹಾಳಾಗಿದ್ದರೂ ಸ್ವಲ್ಪ ಹೊತ್ತು ತಡೆದುಕೊಂಡರೆ ಆಯಿತು. ಮುಕ್ಕಾಲು ಗಂಟೆ ಎಳೆಯುವ ಮ್ಯಾಚಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಾತೇ ಆಟವಾದಾಗ ಇದು ಇನ್ನೊಂದು ತುದಿಗೆ ಹೋಗುತ್ತದೆ. ಆಡುವವರ ನಡುವೆಯೇ ಅಡಗಿರುವ ಕೊಲೆಗಾರ ಯಾರು ಅಂತ ಕಂಡುಹಿಡಿಯುವ ಗೇಮ್ ಅಮಾಂಗ್ ಅಸ್ 2018ರಲ್ಲೇ ಬಂದಿತ್ತು. ಎರಡು ವರ್ಷ ಅದನ್ನು ಕೇಳುವವರಿರಲಿಲ್ಲ. 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಎಲ್ಲರ ಫೋನಿನಲ್ಲೂ ಅದೇ. ಅದರಲ್ಲಿ ಕೈಯಲ್ಲಿ ಮಾಡುವ ಕೆಲಸಗಳು ನಿಜಕ್ಕೂ ಪೆದ್ದು ಕೆಲಸಗಳು: ಒಂದು ಬಣ್ಣದ ವೈರನ್ನು ಅದೇ ಬಣ್ಣದ ವೈರಿಗೆ ಸೇರಿಸು, ಕಾರ್ಡ್ ಉಜ್ಜು. ಇಡೀ ಆಟ ಇರುವುದು ಆಮೇಲೆ ಸೇರುವ ಸಭೆಯಲ್ಲಿ. ಯಾರು ಸುಳ್ಳು ಹೇಳುತ್ತಿದ್ದಾರೆ? ಗುರುತಿಲ್ಲದವರ ಜೊತೆ ಆಡಿದರೆ, ಕೊಲೆಗಾರನ ಪಾತ್ರ ಸಿಗದವರು ಮೊದಲ ಕ್ಷಣದಲ್ಲೇ ಕಳಚಿಕೊಂಡು ಹೋಗುತ್ತಾರೆ. ಗುರುತಿದ್ದವರ ಜೊತೆಯಾದರೆ ರುಚಿಯೇ ಬೇರೆ. ನನ್ನ ಗೆಳತಿ ಸುಳ್ಳು ಹೇಳುವಾಗ ವಿವರ ಜಾಸ್ತಿ ಕೊಡುತ್ತಾಳೆ. ನಿಜ ಹೇಳುವಾಗ "ನಾನಲ್ಲಪ್ಪ" ಅಂತ ಸುಮ್ಮನಾಗುತ್ತಾಳೆ. ಇದು ಇಪ್ಪತ್ತು ವರ್ಷದ ಪರಿಚಯದಿಂದ ಬಂದ ತಿಳಿವಳಿಕೆ. ಇಂಥ ಗೇಮ್ ಒಳ್ಳೆ ಜೊತೆಯ ಮೇಲೆ ನಿಂತಿದೆ ಅನ್ನುವುದೂ ಕಡಿಮೆಯೇ. ಅದರೊಳಗೆ ಜೊತೆ ಬಿಟ್ಟರೆ ಬೇರೇನೂ ಇಲ್ಲ.

ಮೂರು ಸ್ಟಾರ್

ಇನ್ನು ಬೇಕಾದವರ ಜೊತೆ ಆದ ಕಿರಿಕಿರಿಯ ವಿಷಯ. ಓವರ್‌ಕುಕ್ಡ್ ಅಂತ 2016ರ ಗೇಮ್. ನಾಲ್ಕು ಜನ ಒಂದೇ ಅಡುಗೆಮನೆಯಲ್ಲಿ ಓಡಾಡಿ ಆರ್ಡರ್ ಮುಗಿಸಬೇಕು. ಈರುಳ್ಳಿ ಸೂಪ್ ಅಂದರೆ ಮೂರು ಈರುಳ್ಳಿ ಹೆಚ್ಚಿ ಪಾತ್ರೆಗೆ ಹಾಕಬೇಕು, ಬೆಂದ ಮೇಲೆ ತಟ್ಟೆಗೆ ಸುರಿದು ಕಳಿಸಬೇಕು, ವಾಪಸ್ ಬಂದ ಎಂಜಲು ತಟ್ಟೆ ತೊಳೆಯಬೇಕು. ಮರೆತರೆ ಪಾತ್ರೆ ಹೊತ್ತಿ ಬೆಂಕಿ. ಅಡುಗೆಮನೆಗಳೂ ನೆಟ್ಟಗಿರುವುದಿಲ್ಲ. ಒಂದು ಓಡುವ ಲಾರಿಗಳ ಮೇಲೆ, ಇನ್ನೊಂದು ನೀರಿನಲ್ಲಿ ತೇಲುವ ಮಂಜುಗಡ್ಡೆಯ ಮೇಲೆ. ಕೊನೆಗೆ ಎಷ್ಟು ಗಳಿಸಿದಿರಿ ನೋಡಿ ಒಂದರಿಂದ ಮೂರು ಸ್ಟಾರ್.

ಆಡಲು ಕೂತವರು ನಾನು, ನನ್ನ ತಮ್ಮ, ಮೇಲೆ ಹೇಳಿದ ಗೆಳತಿ, ಅವಳ ಗಂಡ. ತಮ್ಮನಿಗೆ ಎಲ್ಲದರಲ್ಲೂ ಒಂದು ಪ್ಲಾನ್ ಬೇಕು. "ಅಕ್ಕಾ, ನೀನು ಈರುಳ್ಳಿ ಮಾತ್ರ. ಬೇರೆ ಏನೂ ಮುಟ್ಟಬೇಡ. ಭಾವ ತಟ್ಟೆ ತೊಳೀತಾರೆ." ಭಾವ ಅಂದರೆ ಗೆಳತಿಯ ಗಂಡ. ಚಿಕ್ಕವನಿದ್ದಾಗಿನಿಂದ ಅವಳನ್ನೂ ಅಕ್ಕ ಅನ್ನುತ್ತಾನೆ, ಹಾಗಾಗಿ ಅವರು ಭಾವ. ಆ ಭಾವನಿಗೆ ಕಂಟ್ರೋಲರ್ ಹಿಡಿದು ರೂಢಿಯಿಲ್ಲ. ಮಂಜುಗಡ್ಡೆಯ ಲೆವೆಲ್ ಬಂತು. ಕಾಲಿಟ್ಟ ಕಡೆ ಜಾರುತ್ತದೆ. ಭಾವ ತೊಳೆದ ತಟ್ಟೆ ಹಿಡಿದುಕೊಂಡು ನೇರವಾಗಿ ನೀರಿಗೆ. ಬಿದ್ದರೆ ಕೆಲವು ಸೆಕೆಂಡ್ ಬಿಟ್ಟು ವಾಪಸ್ ಬರುತ್ತಾರೆ, ತಟ್ಟೆ ಮಾತ್ರ ಹೋಯಿತು. ಬಂದರು, ಇನ್ನೊಂದು ತಟ್ಟೆ ಎತ್ತಿಕೊಂಡರು, ಮತ್ತೆ ನೀರಿಗೆ. ಗೆಳತಿ ಸೋಫಾದಿಂದ ಕೆಳಗೆ ಜಾರಿ ನಗುತ್ತಿದ್ದಾಳೆ. ಅವಳ ಪಾತ್ರೆ ಹೊತ್ತಿ ಉರಿಯುತ್ತಿದೆ, ಅದರ ಕಡೆ ನೋಡುತ್ತಲೂ ಇಲ್ಲ.

ತಮ್ಮ ಮೊದಲು ನಕ್ಕ. ಆಮೇಲೆ "ಭಾವಾ, ಮತ್ತೆ ಬಿದ್ರಾ?" ಅಂದ. ಅದಾದ ಮೇಲೆ ಅವನು "ಪರವಾಗಿಲ್ಲ, ಪರವಾಗಿಲ್ಲ" ಅನ್ನತೊಡಗಿದ. ಪರವಾಗಿದೆ ಅಂತ ಎಲ್ಲರಿಗೂ ಕೇಳಿಸುವ ಹಾಗೆ. ಲೆವೆಲ್ ಮುಗಿಯಿತು, ಒಂದು ಸ್ಟಾರ್. "ಇನ್ನೊಂದ್ಸಲ," ಅಂದ ತಮ್ಮ. ಆಡಿದೆವು. ಎರಡು ಸ್ಟಾರ್. "ಇನ್ನೊಂದ್ಸಲ. ಭಾವಾ, ನೀವು ಈ ಸಲ ಸುಮ್ನೆ ಇಲ್ಲೇ ನಿಂತ್ಕೊಳ್ಳಿ, ಓಡಾಡ್ಬೇಡಿ." ಭಾವ ನಿಂತುಕೊಂಡರು. ಪಾಪ, ನಿಜವಾಗಿಯೂ ಅಲ್ಲಾಡದೆ ನಿಂತುಕೊಂಡರು. ಗೆಳತಿ ಕಂಟ್ರೋಲರ್ ಕೆಳಗಿಟ್ಟು ನನ್ನ ಕಡೆ ತಿರುಗಿ, "ಇದು ಆಫೀಸ್ ಥರ ಆಯ್ತು ಕಣೇ" ಅಂದಳು.

ಇಲ್ಲಿ ಕೆಟ್ಟ ಜೊತೆ ಯಾರು? ತಮ್ಮ ಅಂತ ಹೇಳುವುದು ಸುಲಭ. ಆದರೆ ಸ್ಟಾರ್ ಕೊಡುತ್ತಿರುವುದು ಗೇಮೇ. ಮೂರು ಖಾಲಿ ಸ್ಟಾರ್ ತೋರಿಸಿ ಒಂದನ್ನು ಮಾತ್ರ ತುಂಬಿದರೆ ಉಳಿದೆರಡು ಕೆಲವರ ಕಣ್ಣು ಚುಚ್ಚುತ್ತವೆ. ಆಮೇಲೆ ಅವರಿಬ್ಬರೂ ಮನೆಗೆ ಹೋದ ಮೇಲೆ ನಾನೂ ತಮ್ಮನೂ ಅದೇ ಲೆವೆಲ್ ಕೂತು ಆಡಿದೆವು. ಮಾತೇ ಇಲ್ಲ. ಅವನು ಈರುಳ್ಳಿ ಎತ್ತಿಡುವಷ್ಟರಲ್ಲಿ ನಾನು ಚಾಕು ಹಿಡಿದಿದ್ದೆ. ಮೂರು ಸ್ಟಾರ್ ಬಂತು. ಅವನಂಥ ಜೊತೆ ಆ ಗೇಮಿಗೆ ಇನ್ನೊಂದಿಲ್ಲ ಅನ್ನಿಸಿತು. ಒಂದು ಗಂಟೆಯ ಹಿಂದೆ ಅದೇ ಹುಡುಗ ಒಂದು ಇಡೀ ಸಂಜೆಯನ್ನು ಕೆಡಿಸಿದ್ದ.

ಭಾವನ ಸರದಿ ಇನ್ನೊಂದು ಸಲ ಬಂತು. ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಅಂತ 2015ರ ಗೇಮ್. ಒಬ್ಬರಿಗೆ ಮಾತ್ರ ಸ್ಕ್ರೀನಿನಲ್ಲಿ ಬಾಂಬ್ ಕಾಣುತ್ತದೆ, ಉಳಿದವರ ಕೈಯಲ್ಲಿ ಅದನ್ನು ತಣ್ಣಗೆ ಮಾಡುವ ಕೈಪಿಡಿ ಇರುತ್ತದೆ. ಬಾಂಬ್ ನೋಡುವವರು ಕೈಪಿಡಿ ನೋಡಬಾರದು, ಕೈಪಿಡಿ ಹಿಡಿದವರು ಬಾಂಬ್ ನೋಡಬಾರದು. ಬರೀ ಮಾತಿನಲ್ಲಿ ದಾಟಿಸಬೇಕು. ಗಡಿಯಾರ ಟಿಕ್ ಟಿಕ್ ಅನ್ನುವಾಗ ತಮ್ಮ ಕೂಗಾಡುತ್ತಾನೆ. ಭಾವ ಕನ್ನಡಕ ಸರಿಮಾಡಿಕೊಂಡು ಕೈಪಿಡಿಯ ಸಾಲಿನ ಮೇಲೆ ಬೆರಳಿಟ್ಟು, ಒಂದು ಚೂರೂ ಗಾಬರಿಯಿಲ್ಲದೆ, "ಮೂರು ವೈರಾ? ಕೆಂಪು ಇದೆಯಾ? ಇಲ್ವಾ. ಎರಡನೇದು ಕತ್ತರಿಸು," ಅನ್ನುತ್ತಾರೆ. ನೀರಿಗೆ ಬೀಳುತ್ತಿದ್ದ ಮನುಷ್ಯ ಇವರೇನಾ ಅನ್ನಿಸುವಷ್ಟು ಸ್ಥಿಮಿತ. ಅವತ್ತಿನಿಂದ ತಮ್ಮ ಅವರಿಲ್ಲದೆ ಆ ಗೇಮ್ ತೆಗೆಯುವುದಿಲ್ಲ.

ಅಲ್ಲಿಗೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಒಳ್ಳೆ ಜೊತೆ ಅನ್ನುವುದು ಒಬ್ಬ ಮನುಷ್ಯನ ಗುಣ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಆ ಹೊತ್ತಿಗೆ, ಆ ಗೇಮಿಗೆ, ಕೂತವರೆಲ್ಲ ಒಂದೇ ಕಾರಣಕ್ಕೆ ಕೂತಿದ್ದಾರಾ ಅನ್ನುವುದರ ಮೇಲೆ ಅದು ಹುಟ್ಟುತ್ತದೆ, ಸಾಯುತ್ತದೆ.

ಹೆಸರು ಗೊತ್ತಿಲ್ಲದವರು

ಜರ್ನಿ ಅನ್ನುವ ಗೇಮ್ ಪ್ಲೇಸ್ಟೇಷನ್ 3ಕ್ಕೆ 2012ರಲ್ಲಿ ಬಂತು. ಮರಳುಗಾಡಿನಲ್ಲಿ ಒಂಟಿಯಾಗಿ ಹೊರಡುತ್ತೀರಿ. ದೂರದಲ್ಲಿ ಬೆಟ್ಟ. ಸ್ವಲ್ಪ ಹೊತ್ತಿಗೆ ನಿಮ್ಮ ಹಾಗೇ ನಿಲುವಂಗಿ ತೊಟ್ಟ ಇನ್ನೊಂದು ಆಕೃತಿ ಕಾಣುತ್ತದೆ. ಅದು ಎಲ್ಲಿಯೋ ಕೂತು ಆಡುತ್ತಿರುವ ನಿಜವಾದ ಮನುಷ್ಯ. ಹೆಸರಿಲ್ಲ, ಚಾಟಿಲ್ಲ, ಮೈಕಿಲ್ಲ. ಒಂದು ಗುಂಡಿ ಒತ್ತಿದರೆ ಹಕ್ಕಿಯ ಚಿಲಿಪಿಲಿಯಂಥ ಒಂದು ದನಿ ಬರುತ್ತದೆ, ಅಷ್ಟೇ ಮಾತು. ಕುತ್ತಿಗೆಯ ಶಾಲಿನಲ್ಲಿ ಶಕ್ತಿ ಇದ್ದರೆ ಹಾರಬಹುದು. ಇಬ್ಬರೂ ಮೈ ತಾಗಿಸಿಕೊಂಡರೆ ಇಬ್ಬರ ಶಾಲೂ ತುಂಬುತ್ತದೆ.

ನನಗೆ ಸಿಕ್ಕಿದ್ದು ಬಿಳಿ ನಿಲುವಂಗಿಯವರು. ಮರಳಿನಲ್ಲಿ ಅಡಗಿರುವ ಹೊಳೆಯುವ ಗುರುತುಗಳನ್ನೆಲ್ಲ ಹುಡುಕಿ ಮುಗಿಸಿದವರಿಗೆ ಮಾತ್ರ ಬಿಳಿ ಸಿಗುತ್ತದೆ. ಅಂದರೆ ಅವರಿಗೆ ಈ ದಾರಿ ಹೊಸದಲ್ಲ. ಹಾಗಿದ್ದೂ ಅವರು ಮುಂದೆ ಓಡಲಿಲ್ಲ. ಒಂದು ಕಡೆ ನಿಂತು ಚಿಲಿಪಿಲಿ ಅನ್ನುವರು. ನಾನು ಹೋಗಿ ನೋಡಿದರೆ ಅಲ್ಲೊಂದು ಗುರುತು. ಕೊನೆಯಲ್ಲಿ ಹಿಮದ ಬೆಟ್ಟ. ಗಾಳಿ ಬೀಸಿದಾಗ ಕಲ್ಲಿನ ಮರೆಗೆ ಸೇರಿಕೊಳ್ಳದಿದ್ದರೆ ಹಿಂದಕ್ಕೆ ತಳ್ಳುತ್ತದೆ. ನನ್ನನ್ನು ತಳ್ಳಿತು. ಅವರು ಆಗಲೇ ಮುಂದಿನ ಕಲ್ಲು ಸೇರಿದ್ದರು. ಅಲ್ಲೇ ಇರಬಹುದಿತ್ತು. ಮರೆಯಿಂದ ಹೊರಗೆ ಬಂದು, ಗಾಳಿಯಲ್ಲಿ ತಾವೂ ಹಿಂದಕ್ಕೆ ಜಾರಿ, ನನ್ನ ಪಕ್ಕ ನಿಂತರು. ಚಳಿಗೆ ಇಬ್ಬರ ಶಾಲೂ ಸಣ್ಣಗಾಗುತ್ತಿತ್ತು. ಮೈ ತಾಗಿಸಿಕೊಂಡೇ ಹತ್ತಿದೆವು. ಗೇಮ್ ಮುಗಿದ ಮೇಲೆ ದಾರಿಯಲ್ಲಿ ಸಿಕ್ಕವರ ಐಡಿ ತೋರಿಸುತ್ತಾರೆ. ಅಕ್ಷರ ಮತ್ತು ಅಂಕಿ ಕಲಸಿದ ಏನೋ ಒಂದು ಐಡಿ. ನಾನು ಅವರಿಗೆ ಸಂದೇಶ ಕಳಿಸಲಿಲ್ಲ. ಬೇಕು ಅನ್ನಿಸಲಿಲ್ಲ.

ಎಂಥ ಒಳ್ಳೆ ಮನುಷ್ಯ ಅಂತ ಅವತ್ತು ಅನ್ನಿಸಿತ್ತು. ಒಳ್ಳೆಯವರೇ ಇರಬಹುದು. ಆದರೆ ಆ ಗೇಮ್ ಮಾಡಿದ ಜೆನೋವಾ ಚೆನ್ ಹೇಳಿದ್ದನ್ನು ಓದಿದ ಮೇಲೆ ನನ್ನ ಲೆಕ್ಕ ಸ್ವಲ್ಪ ಬದಲಾಯಿತು. ಮೊದಲು ಮಾಡಿದ ಮಾದರಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಬಹುದಿತ್ತಂತೆ. ಎತ್ತರ ಹತ್ತಲು ಸಹಾಯವಾಗಲಿ ಅಂತ ಇಟ್ಟದ್ದು. ಆಡಿದವರು ಮಾಡಿದ್ದೇನು? ಒಬ್ಬರನ್ನೊಬ್ಬರು ಹಳ್ಳಕ್ಕೆ ನೂಕಿದರು! ಒಳ್ಳೆಯವರು ಅಂತ ಅಂದುಕೊಂಡವರೂ ಅದನ್ನೇ ಮಾಡಿದರು. ನೂಕಿದರೆ ಏನೋ ಆಗುತ್ತೆ, ಮಜಾ ಬರುತ್ತೆ, ಅದಕ್ಕೆ. ಕೊನೆಗೆ ತಳ್ಳುವುದನ್ನೇ ತೆಗೆದುಹಾಕಿದರು. ಒಬ್ಬರ ಮೈ ಇನ್ನೊಬ್ಬರ ಮೈಯ ಮೂಲಕ ಹಾದುಹೋಗುವಂತೆ ಮಾಡಿದರು. ಹತ್ತಿರ ಬಂದರೆ ಶಕ್ತಿ ಸಿಗುವಂತೆ ಮಾಡಿದರು. ಜನ ಬದಲಾಗಲಿಲ್ಲ, ಇನ್ನೊಬ್ಬರಿಂದ ಏನು ಸಿಗುತ್ತದೆ ಅನ್ನುವುದು ಬದಲಾಯಿತು.

ಇದೇ ಕೈಚಳಕ ಬೇರೆ ಕಡೆಯೂ ಇದೆ. ಹಳೆಯ ಆನ್‌ಲೈನ್ ಗೇಮುಗಳಲ್ಲಿ ನಾನು ಅಗೆಯುತ್ತಿದ್ದ ಅದಿರಿನ ಕಡೆಗೆ ಇನ್ನೊಬ್ಬ ಓಡಿಬಂದರೆ ಎದೆ ಧಸಕ್ ಅನ್ನುತ್ತಿತ್ತು. ಅವನು ಮೊದಲು ಮುಟ್ಟಿದರೆ ನನಗಿಲ್ಲ. 2012ರ ಗಿಲ್ಡ್ ವಾರ್ಸ್ 2ರಲ್ಲಿ ಅದಿರು ಎಲ್ಲರಿಗೂ ಅವರವರ ಪಾಲಿನದು ಸಿಗುತ್ತದೆ. ರಾಕ್ಷಸನನ್ನು ಹೊಡೆಯಲು ಕೈ ಜೋಡಿಸಿದವರಿಗೆಲ್ಲ ಬಹುಮಾನ. ದೂರದಲ್ಲಿ ಯಾರೋ ಬರುತ್ತಿದ್ದರೆ "ಬನ್ನಿ ಬನ್ನಿ" ಅನ್ನಿಸುತ್ತದೆ. ಡೀಪ್ ರಾಕ್ ಗ್ಯಾಲಾಕ್ಟಿಕ್‌ನಲ್ಲಿ ನಾಲ್ಕು ಕುಳ್ಳರು ಗಣಿ ತೋಡುತ್ತಾರೆ, ಯಾರು ಅಗೆದರೂ ಅದಿರು ಎಲ್ಲರದ್ದು. ಅಲ್ಲಿ ಆಡುವವರು ಸಭ್ಯರು ಅಂತ ಹೆಸರಿದೆ. ಆಕಾಶದಿಂದ ಇಳಿದ ಸಭ್ಯರೇನಲ್ಲ, ಬೇರೆ ಗೇಮಿನಲ್ಲಿ ಕೂಗಾಡುವವರೂ ಅವರಲ್ಲಿ ಇರುತ್ತಾರೆ. ಜಗಳ ಆಡಲು ಅಲ್ಲಿ ಕಾರಣ ಕಮ್ಮಿ, ಅಷ್ಟೇ.

ಡೀಮನ್ಸ್ ಸೋಲ್ಸ್ ಮಾಡಿದ ಹಿದೆತಾಕಾ ಮಿಯಾಝಾಕಿ ಒಂದು ಘಟನೆ ಹೇಳಿದ್ದಾರೆ. ಹಿಮ ಬಿದ್ದ ಏರಿನಲ್ಲಿ ಕಾರುಗಳು ಸಿಕ್ಕಿಕೊಂಡವು. ಹಿಂದಿನ ಕಾರು ಮುಂದಿನದನ್ನು ತಳ್ಳಿ ತಳ್ಳಿ ಏರು ಹತ್ತಿಸಿತು. ಇವರೂ ಹತ್ತಿದರು. ಆದರೆ ನಿಲ್ಲಿಸಿ ಥ್ಯಾಂಕ್ಸ್ ಹೇಳುವ ಹಾಗಿಲ್ಲ, ನಿಂತರೆ ಮತ್ತೆ ಸಿಕ್ಕಿಕೊಳ್ಳುತ್ತಾರೆ. ಆ ಜನರನ್ನು ಮತ್ತೆ ಯಾವತ್ತೂ ನೋಡುವುದಿಲ್ಲ. 2009ರ ಆ ಗೇಮಿನಲ್ಲಿ ಗುರುತಿಲ್ಲದವರು ಬಂದು ಒಂದು ಕಾದಾಟಕ್ಕೆ ಹೆಗಲು ಕೊಟ್ಟು ಮಾಯವಾಗುವುದು ಅಲ್ಲಿಂದ ಬಂದದ್ದು. ಇದೂ ಒಂದು ಥರ ಜೊತೆಯೇ. ಗೆಳೆತನಕ್ಕಿಂತ ಕಡಿಮೆ ಅಂತ ನನಗೆ ಅನ್ನಿಸುವುದಿಲ್ಲ, ಅದು ಬೇರೆಯೇ ಒಂದು ಸರಕು.

ಬಾಯಿಗೆ ಬೀಗ

ಆದರೆ ಗೇಮ್ ಮಾಡುವವರ ಕೈಯಲ್ಲೇ ಎಲ್ಲವೂ ಇದೆ ಅಂದುಕೊಂಡರೆ ಅದೂ ತಪ್ಪು. ಜನ ಘಾಟಿಗಳು. 2014ರ ಹಾರ್ತ್‌ಸ್ಟೋನ್ ಅನ್ನುವ ಕಾರ್ಡ್ ಗೇಮಿನಲ್ಲಿ ಗುರುತಿಲ್ಲದ ಎದುರಾಳಿಗೆ ಏನೂ ಬರೆಯುವ ಹಾಗಿಲ್ಲ, ಮೊದಲೇ ಸಿದ್ಧಮಾಡಿದ ಕೆಲವು ಮಾತು ಮಾತ್ರ. "ಚೆನ್ನಾಗಿ ಆಡಿದಿರಿ" ಅನ್ನುವುದು ಅದರಲ್ಲೊಂದು. ಅದನ್ನು ಎದುರಿನವರು ತಪ್ಪು ಮಾಡಿದ ತಕ್ಷಣ ಒತ್ತಿದರೆ? ರಾಕೆಟ್ ಲೀಗ್‌ನಲ್ಲಿ "ಎಂಥಾ ಸೇವ್!" ಅಂತ ಹೊಗಳುವ ಗುಂಡಿ ಇದೆ. ಗೋಲ್ ಬಿಟ್ಟುಕೊಟ್ಟ ಜೊತೆಗಾರನಿಗೆ ಅದನ್ನು ಮೂರು ಸಲ ಒತ್ತುತ್ತಾರೆ. ಬೈಗುಳ ಯಾವ ಡಿಕ್ಷನರಿಯಲ್ಲೂ ಸಿಗದ ಹಾಗೆ ಬೈಯುವ ಕಲೆ ಇದು. ಓವರ್‌ವಾಚ್ ಅನ್ನುವ ಶೂಟಿಂಗ್ ಗೇಮಿನವರು 2016ರಲ್ಲಿ ತಿರುಗೇಟು ಕೊಟ್ಟರು. ಗೆದ್ದ ಮೇಲೆ "ಜಿಜಿ ಈಝಿ" ಅಂತ, ಅಂದರೆ ನಿಮ್ಮನ್ನು ಸೋಲಿಸುವುದು ಬಲು ಸುಲಭ ಅಂತ ಹಂಗಿಸಿದರೆ, ಚಾಟಿನಲ್ಲಿ ಅದರ ಬದಲು ಬರೆದವರನ್ನೇ ಪೆದ್ದರನ್ನಾಗಿ ಮಾಡುವ ಒಂದು ಸಾಲು ಕಾಣಿಸುತ್ತಿತ್ತು. ನನಗೆ ಇದು ಬಹಳ ಇಷ್ಟವಾದ ಕಿಲಾಡಿತನ. ಹಾಗಂತ ಅದರಿಂದ ಯಾರಾದರೂ ಸುಧಾರಿಸಿದರು ಅಂತ ನಾನು ನಂಬುವುದಿಲ್ಲ.

ಕೆಲಸಕ್ಕೆ ಬಂದದ್ದು ಏಪೆಕ್ಸ್ ಲೆಜೆಂಡ್ಸ್ ಅನ್ನುವ ಶೂಟಿಂಗ್ ಗೇಮ್ 2019ರಲ್ಲಿ ತಂದ ಪಿಂಗ್. ಸ್ಕ್ರೀನಿನಲ್ಲಿ ಏನನ್ನಾದರೂ ಗುರಿಯಿಟ್ಟು ಒಂದು ಗುಂಡಿ ಒತ್ತಿದರೆ ಸಾಕು. ನಿಮ್ಮ ಪಾತ್ರವೇ "ಅಲ್ಲಿ ಶತ್ರು ಇದ್ದಾನೆ", "ಇಲ್ಲಿ ಬಂದೂಕು ಇದೆ" ಅಂತ ಹೇಳುತ್ತದೆ. ಗುರುತಿಲ್ಲದ ಮೂವರು ಒಂದು ಮಾತಾಡದೆ ಚೆನ್ನಾಗಿ ಆಡಬಹುದು. ಇದು ನನ್ನಂಥವರಿಗೆ ಎಷ್ಟು ದೊಡ್ಡ ವಿಷಯ ಅಂತ ಎಲ್ಲರಿಗೂ ಗೊತ್ತಾಗಲಿಕ್ಕಿಲ್ಲ. ಜೆಫ್ರಿ ಕುಜ್ನೆಕಾಫ್ ಮತ್ತು ಲಿಂಡ್ಸೆ ರೋಸ್ ಅನ್ನುವ ಇಬ್ಬರು ಸಂಶೋಧಕರು ಹೇಲೋ 3 ಅನ್ನುವ ಆನ್‌ಲೈನ್ ಶೂಟಿಂಗ್ ಗೇಮಿನಲ್ಲಿ ಮೊದಲೇ ರೆಕಾರ್ಡ್ ಮಾಡಿದ ದನಿಗಳನ್ನು ಹಾಕಿ ನೋಡಿದ್ದರು. ಹೇಳಿದ ಮಾತು ಅದೇ. ಹೆಣ್ಣು ದನಿಗೆ ಬಂದ ಕೆಟ್ಟ ಪ್ರತಿಕ್ರಿಯೆ ಗಂಡು ದನಿಗೆ ಬಂದದ್ದರ ಮೂರು ಪಟ್ಟು. ಅದು ಹೊರಬಂದದ್ದು 2013ರಲ್ಲಿ. ನನಗೆ ಅದನ್ನು ಓದಿ ಆಶ್ಚರ್ಯವೇನೂ ಆಗಲಿಲ್ಲ. ನಾನು ಗುರುತಿಲ್ಲದವರ ಜೊತೆ ಮೈಕ್ ಹಾಕುವುದೇ ಇಲ್ಲ. ತಮ್ಮ ಮೊದಮೊದಲು "ಅಕ್ಕಾ, ಮಾತಾಡದೆ ಹೇಗೆ ಗೆಲ್ಲೋದು?" ಅನ್ನುತ್ತಿದ್ದ. ಒಂದು ಸಂಜೆ ನನ್ನ ಹೆಡ್‌ಫೋನ್ ಅವನಿಗೆ ಕೊಟ್ಟು, ನಾನು ಮೈಕಿನಲ್ಲಿ ಬರೀ "ಎಡಗಡೆ ಇಬ್ಬರಿದ್ದಾರೆ" ಅಂದೆ. ಆಮೇಲೆ ಏನೇನು ಬಂತು ಅಂತ ಅವನೇ ಕೇಳಿದ. ಮತ್ತೆ ಯಾವತ್ತೂ ಆ ಪ್ರಶ್ನೆ ಎತ್ತಿಲ್ಲ. ಜೊತೆ ಚೆನ್ನಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕೆಲವರು ಆ ಜೊತೆಯ ಪಟ್ಟಿಗೆ ಸೇರುವ ಮೊದಲೇ ಬಾಗಿಲು ಹಾಕಿರುತ್ತದೆ.

ಹುಡುಕಿ ಕೊಡುವ ಮೆಷಿನ್

ಸಾವಿರಾರು ಜನ ಒಂದೇ ಲೋಕದಲ್ಲಿ ಆಡುವ ಆನ್‌ಲೈನ್ ಗೇಮ್ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಶುರುವಾದದ್ದು 2004ರಲ್ಲಿ. ಆಗ ಐದು ಜನ ಸೇರಿ ಒಂದು ಗುಹೆಗೆ ನುಗ್ಗಬೇಕು ಅಂದರೆ ಚಾಟಿನಲ್ಲಿ ಕೂಗಿ ಕರೆಯಬೇಕಿತ್ತು, ಸಿಕ್ಕವರ ಜೊತೆ ಗುಹೆಯ ಬಾಗಿಲ ತನಕ ನಡೆಯಬೇಕಿತ್ತು. ಬೇಸರದ ಕೆಲಸ. ಆದರೆ ಒಂದು ಸರ್ವರಿನಲ್ಲಿ ಆಡುವವರು ಅಷ್ಟೇ ಜನ. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಓಡಿಹೋದವನ ಹೆಸರು ನಾಳೆ ಎಲ್ಲರಿಗೂ ಗೊತ್ತು. 2009ರ ಡಿಸೆಂಬರಿನಲ್ಲಿ ಡಂಜನ್ ಫೈಂಡರ್ ಬಂತು. ಒಂದು ಗುಂಡಿ ಒತ್ತಿ, ಬೇರೆ ಬೇರೆ ಸರ್ವರಿನಿಂದ ನಾಲ್ಕು ಜನ ಬಂದು ಸೇರುತ್ತಾರೆ. ಮುಗಿದ ಮೇಲೆ ಅವರನ್ನು ಮತ್ತೆ ನೋಡುವುದಿಲ್ಲ. ಒಳ್ಳೆಯವರಾಗಿರಲು ಯಾರಿಗೂ ಕಾರಣ ಉಳಿಯಲಿಲ್ಲ. 2019ರಲ್ಲಿ ಹಳೆಯ ಗೇಮನ್ನು ಕ್ಲಾಸಿಕ್ ಅಂತ ಮತ್ತೆ ತಂದಾಗ ಆ ಗುಂಡಿ ಇಲ್ಲದೆಯೇ ತಂದರು. ಆ ನಡೆದು ಹೋಗುವ ಬೇಸರವನ್ನೇ ಜನ ಬಯಸಿ ಬಂದರು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಎರಡು ಗಂಟೆ ಕೂಗಿದರೂ ಯಾರೂ ಸಿಗದೆ ಮಲಗಲು ಹೋದ ರಾತ್ರಿಗಳನ್ನು ಈ ಹೊಗಳಿಕೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅದೇ ಗೇಮನ್ನು ನೋಡಿ ನಿಕೋಲಾ ಡ್ಯುಶೆನೋ ಅನ್ನುವ ಸಂಶೋಧಕರು ಮತ್ತು ಸಂಗಡಿಗರು 2006ರಲ್ಲಿ ಒಂದು ಪ್ರಬಂಧ ಬರೆದರು. ಅವರಿಗೆ ಕಂಡದ್ದು: ಲಕ್ಷಾಂತರ ಜನರಿರುವ ಲೋಕದಲ್ಲಿ ಬಹಳ ಮಂದಿ ಹೆಚ್ಚು ಹೊತ್ತು ಒಂಟಿಯಾಗಿಯೇ ಆಡುತ್ತಾರೆ. ಹಾಗಿದ್ದರೆ ಉಳಿದವರು ಯಾಕೆ ಬೇಕು? ನೋಡಲು, ನೋಡಿಸಿಕೊಳ್ಳಲು, ಸುತ್ತ ಸದ್ದಿರಲಿ ಅಂತ. ನನಗೆ ಇದು ಪೂರ್ತಿ ಅರ್ಥವಾಗುತ್ತದೆ. ಸುಸ್ತಾದ ದಿನ ಯಾರ ಜೊತೆಯೂ ಮಾತು ಬೇಡ, ಆದರೆ ಯಾರೂ ಇಲ್ಲದ ಲೋಕವೂ ಬೇಡ. ಊರ ಚೌಕದಲ್ಲಿ ಯಾರೋ ಹೊಸ ಕುದುರೆ ತೋರಿಸುತ್ತಾ ನಿಂತಿರಬೇಕು.

ಈಗ ಬಹುಪಾಲು ಜೊತೆಯನ್ನು ಮೆಷಿನ್ನೇ ಹುಡುಕಿ ಕೊಡುತ್ತದೆ. ಎಕ್ಸ್‌ಬಾಕ್ಸ್ ಲೈವ್ ಅನ್ನುವ ತಮ್ಮ ಆನ್‌ಲೈನ್ ಗೇಮ್ ಸೇವೆಗೆ ಮೈಕ್ರೋಸಾಫ್ಟ್‌ನವರು ಟ್ರೂಸ್ಕಿಲ್ ಅಂತ ಮಾಡಿದರು. ನನ್ನ ಆಟ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ಒಂದು ಅಂಕಿ, ಆ ಅಂಕಿಯನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಇನ್ನೊಂದು. ಗೆಲುವು ಸೋಲು ಸರಿಸಮ ಆಗುವ ಹಾಗೆ ಜೋಡಿಸುತ್ತದೆ. ಚೆಸ್ಸಿಗೆ ಇದು ಸಾಕು. ಟೀಮಿಗೆ ಸಾಲದು. ನನ್ನಷ್ಟೇ ಚೆನ್ನಾಗಿ ಆಡುವ ನಾಲ್ವರನ್ನು ತಂದು ಕೂರಿಸುತ್ತದೆ. ಅವರಲ್ಲಿ ಒಬ್ಬರು ಗೆಲ್ಲಲೇಬೇಕು ಅಂತ ಬಂದಿರುತ್ತಾರೆ, ಒಬ್ಬರು ಕೆಲಸದ ತಲೆಬಿಸಿ ಕಳೆಯಲು, ಒಬ್ಬರು ಹೊಸ ಪಾತ್ರ ಕಲಿಯಲು, ಒಬ್ಬರು ಸುಮ್ನೆ ಬೇರೆಯವರಿಗೆ ಕಾಟ ಕೊಡಲು. 1978ರಲ್ಲಿ ಮೊದಲ ಮಡ್, ಅಂದರೆ ಬರೀ ಅಕ್ಷರಗಳಲ್ಲಿ ಹಲವರು ಸೇರಿ ಆಡುವ ಗೇಮ್, ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲೇ ಆಟಗಾರರು ಬೇರೆ ಬೇರೆ ಆಸೆಗೆ ಬರುತ್ತಾರೆ ಅಂತ ನಾಲ್ಕು ಗುಂಪು ಮಾಡಿ ಬರೆದಿದ್ದರು. ಇಷ್ಟು ವರ್ಷ ಆದರೂ ನನ್ನ ಕೈಚಳಕ ಅಳೆದಷ್ಟು ಚೆನ್ನಾಗಿ ನಾನು ಇವತ್ತು ಯಾಕೆ ಬಂದೆ ಅನ್ನುವುದನ್ನು ಯಾವ ಮೆಷಿನ್ನೂ ಅಳೆಯುವುದಿಲ್ಲ. ಪೈಪೋಟಿಗೆ ರ್‍ಯಾಂಕ್ಡ್, ಸುಮ್ನೆ ಆಡಲು ಕ್ಯಾಶುಯಲ್ ಅಂತ ಎರಡು ಬಾಗಿಲು ಇಟ್ಟಿರುತ್ತಾರೆ. ಕ್ಯಾಶುಯಲ್ ಬಾಗಿಲ ಹಿಂದೆಯೂ ಹಲ್ಲು ಕಚ್ಚಿಕೊಂಡು ಆಡುವವರು ಇದ್ದೇ ಇರುತ್ತಾರೆ.

ಹಾಗಾಗಿ ನಾನೇ ವಿಂಗಡಿಸಿಕೊಂಡಿದ್ದೇನೆ. ಸ್ಟಾರ್ ಇರುವ ಗೇಮ್ ಆದರೆ ತಮ್ಮನ ಜೊತೆ ಮಾತ್ರ. ಭಾವ ಬಂದರೆ ಬಾಂಬ್. ಗೆಳತಿ ಇದ್ದರೆ ಸುಳ್ಳು ಹೇಳುವ ಗೇಮ್ ಯಾವುದಾದರೂ ಸರಿ. ಯಾರೂ ಇಲ್ಲದ ರಾತ್ರಿ ಮೈಕ್ ಆಫ್ ಮಾಡಿಕೊಂಡು ಕುಳ್ಳರ ಗಣಿಗೆ ಇಳಿಯುತ್ತೇನೆ. ಆ ಐದು ಜನರ ಟೀಮಿನ ಗೇಮನ್ನು ತೆಗೆದುಹಾಕಿ ಬಹಳ ಕಾಲವಾಯಿತು. ಅದು ಒಳ್ಳೆ ಗೇಮೇ, ಈಗಲೂ ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ. ಅದಕ್ಕೆ ಬೇಕಾದ ಇನ್ನೂ ನಾಲ್ಕು ಜನ ನನ್ನ ಹತ್ತಿರ ಇಲ್ಲ, ಅಷ್ಟೇ.